ಕೊಂಡಿ ಕ್ರಿಯಾಪದದ ಬಾಲದಲ್ಲಿದೆ

ಪ್ರಿಯ ತಮ್ಮಾ,

ಕೆರೆಯ ಬಗ್ಗೆ ನೀನು ಬರೆದದ್ದು ಓದಿದೆ. ಸರಕು ಗಟ್ಟಿಯಾಗಿದೆ, ನಡಿಗೆ ಮಾತ್ರ ಕುಂಟುತ್ತದೆ. ವಾಕ್ಯಕ್ಕೊಂದು ‘ಆದರೆ’, ‘ಆದ್ದರಿಂದ’ ಅಂಟಿಸಿದರೆ ಬರಹ ಹೆಣೆದುಕೊಳ್ಳುತ್ತದೆ ಎಂದು ಯಾರೋ ಹೇಳಿಕೊಟ್ಟಂತಿದೆ. ನಿನ್ನ ಮೊದಲ ಪ್ಯಾರಾ ಇದು:

“ನಮ್ಮೂರ ಕೆರೆಯಲ್ಲಿ ಹೂಳು ತುಂಬಿದೆ. ಮತ್ತು ಏರಿಯ ಮೇಲೆ ಜಾಲಿ ಬೆಳೆದಿದೆ. ಆದ್ದರಿಂದ ತೂಬು ಕಟ್ಟಿಕೊಂಡಿದೆ. ಆದರೆ ಹೋದ ವರ್ಷ ಮಳೆ ಚೆನ್ನಾಗಿ ಬಂತು. ಆದರೆ ಕೆರೆಯಲ್ಲಿ ನೀರು ನಿಲ್ಲಲಿಲ್ಲ. ಏಕೆಂದರೆ ಹೂಳು ತುಂಬಿತ್ತು.”

ಆರು ವಾಕ್ಯಕ್ಕೆ ಐದು ಕೊಂಡಿ. ‘ಆದ್ದರಿಂದ’ ಯಾವಾಗಲೂ ತನ್ನ ಬೆನ್ನ ಹಿಂದಿನ ವಾಕ್ಯವನ್ನೇ ಕಾರಣ ಮಾಡುತ್ತದೆ. ಹಾಗಾಗಿ ಇಲ್ಲಿ ತೂಬು ಕಟ್ಟಿದ್ದು ಜಾಲಿಯಿಂದ ಎಂದಾಯಿತು! ಕಟ್ಟಿದ್ದು ಹೂಳು. ಮೊದಲ ‘ಆದರೆ’ಗೆ ಎದುರಾಳಿಯೇ ಇಲ್ಲ, ವಿರೋಧ ಇರುವುದು ಮಳೆ ಬಂದದ್ದಕ್ಕೂ ನೀರು ನಿಲ್ಲದ್ದಕ್ಕೂ ನಡುವೆ. ಕೊನೆಯ ಕಾರಣವನ್ನು ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದೀಯ. ಈಗ ಹೀಗೆ ಓದಿಕೋ:

“ನಮ್ಮೂರ ಕೆರೆಯಲ್ಲಿ ಹೂಳು ತುಂಬಿ ತೂಬು ಕಟ್ಟಿಕೊಂಡಿದೆ. ಏರಿಯ ಮೇಲೆ ಜಾಲಿ ಬೇರೆ ಬೆಳೆದಿದೆ. ಹೋದ ವರ್ಷ ಮಳೆ ಚೆನ್ನಾಗಿಯೇ ಬಂದರೂ ನೀರು ನಿಲ್ಲಲಿಲ್ಲ.”

ಬಿಡಿಯಾಗಿ ನಿಂತ ಕೊಂಡಿ ‘ಬೇರೆ’ ಒಂದೇ. ‘ಅಲ್ಲದೆ’ ಬರೀ ಕೂಡಿಸುತ್ತದೆ. ‘ಬೇರೆ’ ಕೂಡಿಸುವುದರ ಜೊತೆಗೆ ಗೊಣಗುತ್ತದೆ. ದಿನಾ ಆಡುವ ಇಂಥ ಮಾತನ್ನು ಬರೆಯುವಾಗ ಯಾಕೋ ಹೊಸಿಲಾಚೆ ಬಿಟ್ಟು ಬರುತ್ತೇವೆ.

ಶಾಲೆಯ ವ್ಯಾಕರಣದಲ್ಲಿ ಮತ್ತು, ಅಥವಾ, ಆದ್ದರಿಂದ ಇವೆಲ್ಲ ಸಂಬಂಧಾರ್ಥಕಾವ್ಯಯ. ನಿನ್ನ ಗಮನವೆಲ್ಲ ಅಲ್ಲೇ ನಿಂತಿದೆ. ಕನ್ನಡದ ಮುಕ್ಕಾಲು ಹೆಣಿಗೆ ನಡೆಯುವುದು ಕ್ರಿಯಾಪದದ ಬಾಲದಲ್ಲಿ: ತುಂಬಿ, ತುಂಬದೆ, ತುಂಬಿದರೆ, ತುಂಬಿದರೂ, ತುಂಬಿದ್ದರಿಂದ. ಒಂದೇ ಸಂಗತಿಯನ್ನು ಮೂರು ಥರ ಹೇಳಿ ನೋಡು. ‘ನೀರು ಬತ್ತಿ ಮೀನು ಸತ್ತವು’ ಎಂದರೆ ಕಣ್ಣೆದುರು ನಡೆದದ್ದು. ‘ನೀರು ಬತ್ತಿದ್ದರಿಂದ ಮೀನು ಸತ್ತವು’ ಎಂದರೆ ಕಾರಣ ಕೇಳಿದವರಿಗೆ ಕೊಟ್ಟ ಉತ್ತರ. ‘ನೀರು ಬತ್ತಿತು. ಹೀಗಾಗಿ ಮೀನು ಸತ್ತವು’ ಎಂದರೆ ಇಲಾಖೆಯ ವರದಿ. ಯಾವುದೂ ತಪ್ಪಲ್ಲ, ದನಿ ಮಾತ್ರ ಬೇರೆ ಬೇರೆ.

ಈ ‘ಬತ್ತಿ’, ‘ಬಂದು’ಗಳಿಗೆ ಒಂದು ಕಟ್ಟು ಇದೆ. ಎರಡು ಕ್ರಿಯೆಗೂ ಕರ್ತೃ ಒಬ್ಬನೇ ಇರಬೇಕು, ಇಲ್ಲವೇ ಮೊದಲನೆಯದರಿಂದ ಎರಡನೆಯದು ತಾನಾಗಿ ಆಗಿರಬೇಕು. ‘ಮಳೆ ಬಂದು ಕೆರೆ ತುಂಬಿತು’ ಸರಿ. ‘ಅಧಿಕಾರಿ ಬಂದು ರೈತರು ದೂರು ಕೊಟ್ಟರು’ ಎಂದರೆ ಮುಗ್ಗರಿಸುತ್ತದೆ, ‘ಬಂದಾಗ’ ಎನ್ನಬೇಕು. ಒಂದೇ ವಾಕ್ಯದಲ್ಲಿ ಇಂಥವು ಮೂರಕ್ಕಿಂತ ಹೆಚ್ಚಾದರೆ ಓದುಗನಿಗೆ ಏದುಸಿರು. ಅಲ್ಲಿ ಮುರಿದು ಹೊಸ ವಾಕ್ಯ ಶುರುಮಾಡು.

ಎರಡು ವಾಕ್ಯದ ನಡುವೆ ‘ಮತ್ತು’ ಬೇಡವೇ ಬೇಡ. ಎರಡು ನಾಮಪದದ ನಡುವೆ ಇರಲಿ. ಅಲ್ಲೂ ‘ಏರಿಯೂ ತೂಬೂ’ ಎಂದರೆ ಕಿವಿಗೆ ಹಿತ. ಆದರೆ ‘ತೂಬೂ ಕೂಡ’ ಎಂದು ಎರಡೆರಡು ಗಂಟು ಹಾಕಬೇಡ.

ಬಿಡಿ ಪದಗಳು ನಿಜಕ್ಕೂ ಬೇಕಾಗುವುದು ವಾದ ತಿರುಗುವ ಜಾಗದಲ್ಲಿ, ಅದರಲ್ಲೂ ಪ್ಯಾರಾದಿಂದ ಪ್ಯಾರಾಕ್ಕೆ ದಾಟುವಾಗ. ಅಲ್ಲಿ ಎಲ್ಲದಕ್ಕೂ ‘ಆದರೆ’ ಹಿಡಿಯಬೇಡ. ಎದುರಿನ ಮಾತನ್ನು ಒಪ್ಪಿಕೊಂಡೂ ನಿನ್ನದನ್ನು ಬಿಡದಿದ್ದರೆ ‘ಇಷ್ಟಾದರೂ’. ನಿನ್ನ ಮಾತಿಗೆ ಓದುಗ ತಪ್ಪು ಅರ್ಥ ಹಚ್ಚಬಹುದು ಎನ್ನಿಸಿದರೆ ‘ಹಾಗೆಂದ ಮಾತ್ರಕ್ಕೆ’. ವಾದದ ಬುಡವನ್ನೇ ಕೆದಕುವಾಗ ‘ಅಷ್ಟಕ್ಕೂ’. ‘ಇನ್ನು’ ಎಂಬುದನ್ನು ಟಿವಿ ನಿರೂಪಕರು ಈಗಾಗಲೇ ಸವೆಸಿದ್ದಾರೆ, ಅವರಿಗೇ ಬಿಟ್ಟುಬಿಡು.

ಕೊಂಡಿಯ ಪದವೇ ಇಲ್ಲದ ಜೋಡಣೆಯೂ ಉಂಟು. ಒಂದು ವಾಕ್ಯ ‘ಹೂಳು’ ಎಂದು ಮುಗಿದರೆ ಮುಂದಿನದು ‘ಆ ಹೂಳನ್ನು’ ಎಂದು ಶುರುವಾಗಲಿ. ಬರೀ ‘ಅದನ್ನು’ ಎಂದರೆ ಯಾವುದನ್ನು ಎಂದು ಓದುಗ ಹಿಂದೆ ತಿರುಗಿ ನೋಡಬೇಕಾಗುತ್ತದೆ.

ತಿದ್ದುವಾಗ ಕೆಂಪು ಪೆನ್ನಿನಲ್ಲಿ ಎಲ್ಲ ಕೊಂಡಿಗಳಿಗೂ ಸುತ್ತು ಹಾಕು. ಒಂದೊಂದನ್ನೇ ಬೆರಳಿನಿಂದ ಮುಚ್ಚಿ ಗಟ್ಟಿಯಾಗಿ ಓದು. ಎಲ್ಲೂ ತಡೆಯದಿದ್ದರೆ ಹೊಡೆದುಹಾಕು. ತಡೆದರೆ, ಈ ಎರಡರ ಸಂಬಂಧ ಕಾರಣವೋ, ವಿರೋಧವೋ, ಬರೀ ಕಾಲದ ಅನುಕ್ರಮವೋ ಎಂದು ಅಂಚಿನಲ್ಲಿ ಬರೆದುಕೋ; ತಕ್ಕ ಪದ ಆಮೇಲೆ ಸಿಗುತ್ತದೆ. ಅಂಚಿನಲ್ಲಿ ಬರೆಯಲು ಏನೂ ತೋಚದಿದ್ದರೆ ವಾಕ್ಯವೇ ಜಾಗ ತಪ್ಪಿ ಕೂತಿದೆ ಎಂದರ್ಥ, ಪದ ಬದಲಿಸಿ ಫಲವಿಲ್ಲ.

ಎರಡನೇ ಪುಟದಲ್ಲಿ ‘ಈ ಹಿನ್ನೆಲೆಯಲ್ಲಿ’ ಎಂದು ನಾಲ್ಕು ಸಲ ಬಂದಿದೆ. ನಾಲ್ಕನ್ನೂ ತೆಗೆದು, ಪ್ರತಿ ಸಲವೂ ಯಾವ ಹಿನ್ನೆಲೆ ಎಂದು ಬಿಡಿಸಿ ಬರೆದು ಕಳಿಸು.

ಇಂತು,
ನಿನ್ನ ಅಣ್ಣ