ಚಂದ್ರನ ನೀರಿಗೆ ನೀರಗಂಟಿ ಯಾರು?

ಬಾಹ್ಯಾಕಾಶ ಇಲಾಖೆಯ ರಾಜ್ಯ ಸಚಿವರಾದ ಡಾ. ಜಿತೇಂದ್ರ ಸಿಂಗ್ ಅವರಿಗೆ,

ಮಾನ್ಯರೇ, 2023ರ ಆಗಸ್ಟ್ 23ರ ಸಂಜೆ ಮಕ್ಕಳೂ ನಾವೂ ಮನೆಗೆ ಹೋಗದೆ ಶಾಲೆಯ ಟಿ.ವಿ. ಮುಂದೆ ಕೂತಿದ್ದೆವು. ಚಂದ್ರಯಾನ-3 ಇಳಿದು ಬೆಂಗಳೂರಿನ ಪೀಣ್ಯದ ಇಸ್ರೊ ಕೇಂದ್ರದಲ್ಲಿ ಚಪ್ಪಾಳೆ ಬಿದ್ದಾಗ ಐದನೇ ತರಗತಿಯ ಹುಡುಗಿ ಕೇಳಿದಳು: ‘ಸಾರ್, ಆ ಜಾಗ ಈಗ ನಮ್ದಾ?’ ‘ಇಲ್ಲಮ್ಮ, ಎಲ್ಲರದ್ದು’ ಅಂದೆ.

1967ರ ಬಾಹ್ಯಾಕಾಶ ಒಪ್ಪಂದದಂತೆ ಚಂದ್ರ ಯಾವ ದೇಶದ ಸ್ವತ್ತೂ ಅಲ್ಲ, ನಿಜ. ಅಲ್ಲಿ ಅಗೆದು ತೆಗೆದದ್ದು ಯಾರದ್ದು? 1979ರ ಚಂದ್ರ ಒಪ್ಪಂದ ಅದು ಮನುಕುಲದ ಆಸ್ತಿ, ಲಾಭ ಹಂಚುವಾಗ ಹಿಂದುಳಿದ ದೇಶಗಳ ಅಗತ್ಯವನ್ನು ವಿಶೇಷವಾಗಿ ನೋಡಬೇಕು ಎಂದಿತು. ಭಾರತ 1982ರಲ್ಲಿ ಸಹಿ ಹಾಕಿತು, ಇಂದಿಗೂ ಅನುಮೋದಿಸಿಲ್ಲ, ಅಂದರೆ ಅದಕ್ಕೆ ಕಟ್ಟುಬಿದ್ದಿಲ್ಲ. ಅಮೆರಿಕ 2015ರಲ್ಲಿ, ಲಕ್ಸೆಂಬರ್ಗ್ 2017ರಲ್ಲಿ, ತೆಗೆದವರಿಗೇ ಹಕ್ಕು ಎಂದು ಕಾನೂನು ಮಾಡಿಕೊಂಡವು. 2023ರ ಜೂನ್‌ನಲ್ಲಿ ನಾವು ಸಹಿ ಹಾಕಿದ, ಅಮೆರಿಕ ಮುಂದಾಳಾಗಿರುವ ಆರ್ಟೆಮಿಸ್ ಒಡಂಬಡಿಕೆಯಲ್ಲಿ ಅಗೆಯಲು ಅಡ್ಡಿಯಿಲ್ಲ. ಉಳಿದವರ ಪಾಲೆಷ್ಟು ಎಂಬ ನಿಯಮ ಮಾತ್ರ ಇಲ್ಲ.

ಜಗಳ ಬರುವುದು ನೀರಿಗೇ. ಚಂದ್ರನಲ್ಲಿ ನೀರಿನ ಸುಳಿವು ಹಿಡಿದದ್ದರಲ್ಲಿ ನಮ್ಮ ಚಂದ್ರಯಾನ-1ರ ಪಾಲು ದೊಡ್ಡದು. ದಕ್ಷಿಣ ಧ್ರುವದಲ್ಲಿ ಬಿಸಿಲನ್ನೇ ಕಾಣದ ಕುಳಿಗಳಲ್ಲಿ ಮಂಜುಗಡ್ಡೆಯಿದೆ. ಕುಡಿಯಲೂ ಆದೀತು, ಒಡೆದರೆ ರಾಕೆಟ್ಟಿನ ಇಂಧನವೂ ಆದೀತು. ಪಕ್ಕದಲ್ಲೇ, ವಿದ್ಯುತ್ತಿಗೆ ಬೇಕಾದ ಬಿಸಿಲು ಬಹುಕಾಲ ಸಿಗುವ ದಿಣ್ಣೆಗಳು ಕೆಲವೇ ಕೆಲವು. ಮೊದಲು ಹೋದವರು ಅಲ್ಲಿ ಬಿಡಾರ ಹೂಡಿ ಸುತ್ತ ‘ಸುರಕ್ಷತಾ ವಲಯ’ ಎಂದು ಗೆರೆ ಎಳೆದರೆ, ರಾಕೆಟ್ಟೇ ಇಲ್ಲದ ನೇಪಾಳಕ್ಕೆ, ಮಲಾವಿಗೆ ಏನು ಉಳಿಯುತ್ತದೆ?

ನಮ್ಮಪ್ಪನ ಗದ್ದೆ ಕೆರೆಯ ಅಚ್ಚುಕಟ್ಟಿನ ಕಟ್ಟಕಡೆಗಿತ್ತು. ನೀರು ಕಮ್ಮಿಯಾದ ವರ್ಷ ನೀರಗಂಟಿ ಗುದ್ದಲಿ ಹೆಗಲಿಗಿಟ್ಟು ಕಾಲುವೆಯುದ್ದಕ್ಕೂ ನಡೆದು, ಮೇಲಿನ ಗದ್ದೆಗಳ ಮಡೆ ಮುಚ್ಚಿ, ಕೊನೆಯ ಗದ್ದೆ ನೆನೆಯುವ ತನಕ ಅಲ್ಲೇ ನಿಂತಿರುತ್ತಿದ್ದ. ತೂಬಿನ ಮಗ್ಗುಲಿನವರು ಗೊಣಗುತ್ತಿದ್ದರು, ಸರದಿ ಮುರಿಯುತ್ತಿರಲಿಲ್ಲ. ಆ ನೀರಲ್ಲೇ ನಾವು ಉಂಡು ಬೆಳೆದೆವು.

ಈಗ ಭಾರತದ ಗದ್ದೆ ತೂಬಿನ ಮಗ್ಗುಲಿಗೇ ಇದೆ. ಆದ್ದರಿಂದಲೇ ಕೊನೆಯ ಗದ್ದೆಯವರ ಪರವಾಗಿ ನಾವಾಡುವ ಮಾತಿಗೆ ತೂಕವಿದೆ. ಈ ಸಂಪತ್ತಿನ ಬಳಕೆಗೆ ತತ್ವಗಳನ್ನು ರೂಪಿಸಲು ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯ ಕಾರ್ಯತಂಡಕ್ಕೆ 2027ರವರೆಗೆ ಅವಧಿಯಿದೆ. ಹಂಚಿಕೆಯ ನಿಯಮ ಅದರಲ್ಲಿ ಸೇರಲೇಬೇಕೆಂದು ಭಾರತ ಲಿಖಿತವಾಗಿ ಕೇಳಲಿ. 1982ರ ಸಹಿಯನ್ನು ಅನುಮೋದಿಸುತ್ತೀರೋ ಇಲ್ಲವೋ, ಇಲ್ಲವಾದರೆ ಏಕೆ ಎಂಬುದನ್ನು ದಯವಿಟ್ಟು ಸಂಸತ್ತಿನಲ್ಲಿ ತಿಳಿಸಿ.

ಇಂತಿ,
ಕೆರೆ ಕೆಳಗಿನ ಊರಿನ ಒಬ್ಬ ಶಾಲಾ ಶಿಕ್ಷಕ