ಪ್ರಬಂಧದಲ್ಲಿ ಉಲ್ಲೇಖ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಕಾಯಕದ ವಿಷಯವಾಗಿ ಈ ವಾರ ಗುಂಪಿಗೆ ಬಂದ ಪ್ರಬಂಧಗಳಲ್ಲಿ ಹೆಚ್ಚಿನವು ‘ಕಾಯಕವೇ ಕೈಲಾಸ’ ಎಂಬ ಮಾತನ್ನು ಬಸವಣ್ಣನವರ ವಚನದ ಸಾಲೆಂದು ಉಲ್ಲೇಖಿಸಿವೆ. ಎಲ್ಲರ ನಾಲಿಗೆಯ ಮೇಲಿರುವ ಮಾತಾದ್ದರಿಂದ ಮೂಲವನ್ನು ತೆರೆದು ನೋಡುವವರು ಕಡಿಮೆ. ಆದರೆ ಈ ಮಾತು ಬರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ, ಅಲ್ಲಿನ ‘ಅಮರೇಶ್ವರಲಿಂಗ’ ಎಂಬ ಅಂಕಿತವೇ, ಅಂದರೆ ವಚನಕಾರರು ತಮ್ಮ ಗುರುತಾಗಿ ವಚನದಲ್ಲಿ ಇಡುವ ದೇವರ ಹೆಸರೇ, ಅದಕ್ಕೆ ಸಾಕ್ಷಿ. ವಚನ ಯಾರದೆಂದು ತಿಳಿಯಲು ಅಂಕಿತದಷ್ಟು ನೇರವಾದ ದಾರಿ ಬೇರೊಂದಿಲ್ಲವಾದ್ದರಿಂದ, ಸಾಲನ್ನು ಎತ್ತಿಕೊಳ್ಳುವ ಮೊದಲು ಇಡೀ ವಚನವನ್ನು ಓದಬೇಕೆಂದು ಕೋರುತ್ತೇನೆ.

ಉದ್ಧರಣ ಚಿಹ್ನೆಯೊಳಗಿನ ಮಾತು ನಮ್ಮದಲ್ಲ. “ಕಾಯಕದಲ್ಲಿ ನಿರತನಾದಡೆ, ಗುರುದರ್ಶನವಾದಡೂ ಮರೆಯಬೇಕು” ಎಂಬುದನ್ನು ‘ನಿರತನಾದರೆ’, ‘ಗುರುದರ್ಶನವಾದರೂ’ ಎಂದು ಇಂದಿನ ರೂಪಕ್ಕೆ ತಿದ್ದುವಂತಿಲ್ಲ. ನಡುವೆ ಏನನ್ನಾದರೂ ಬಿಟ್ಟರೆ ಮೂರು ಚುಕ್ಕಿ ಇಟ್ಟು ತೋರಿಸಬೇಕು. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಮರೆಯಬೇಕೆಂದು ಮಾರಯ್ಯನವರು ಹೇಳುತ್ತಾರೆ ಎಂಬಂತೆ ಅರ್ಥವನ್ನಷ್ಟೇ ನಮ್ಮ ಮಾತಿನಲ್ಲಿ ಬರೆಯುವಾಗ ಚಿಹ್ನೆ ಬೇಡ, ಹೆಸರು ಮಾತ್ರ ಬೇಕೇ ಬೇಕು. ನೇರ ಮಾತಿಗೆ ಜೋಡಿ ಚಿಹ್ನೆ, ಅದರೊಳಗೆ ಬರುವ ಇನ್ನೊಬ್ಬರ ಮಾತಿಗೆ ಒಂಟಿ ಚಿಹ್ನೆ. ‘ಎಂದು’ ಚಿಹ್ನೆಯ ಹೊರಗಿರಲಿ.

ಆಕರ ಕೊಡುವಾಗ ಸಂಪಾದಕರ ಹೆಸರು, ಮುದ್ರಣದ ವರ್ಷ, ವಚನದ ಸಂಖ್ಯೆ ಮೂರೂ ಇರಲಿ, ಏಕೆಂದರೆ ಆವೃತ್ತಿಯಿಂದ ಆವೃತ್ತಿಗೆ ಪುಟ ಬದಲಾಗುತ್ತದೆ, ಪಾಠವೂ, ಅಂದರೆ ವಚನದ ಪದಗಳೂ, ಕೆಲವೊಮ್ಮೆ ಬದಲಾಗುತ್ತದೆ. ಮೊಬೈಲಿಗೆ ಬಂದ ಚಿತ್ರದ ಮೇಲಿನ ಸಾಲು ಆಕರವಲ್ಲ. ತಿದ್ದಿದ ಪ್ರತಿಗಳನ್ನು ಭಾನುವಾರ ಸಂಜೆಯೊಳಗೆ ಇಲ್ಲಿಯೇ ಕಳುಹಿಸಿ.