ಕಾಲುವೆಯ ಮೇಲೆ ಕಟ್ಟಿದ ಮೆಟ್ಟಿಲು: ಗೆಳೆಯನಿಗೊಂದು ಪತ್ರ

ಕೋಲಾರ

ಪ್ರೀತಿಯ ಗೆಳೆಯ,

ನಿನ್ನ ಪತ್ರ ತಲುಪಿ ತಿಂಗಳಾಯಿತು, ಉತ್ತರ ತಡವಾದುದಕ್ಕೆ ಬೇಸರಿಸಬೇಡ. ನಾವಿಬ್ಬರೂ ಓದುತ್ತಿದ್ದಾಗ ಎರಡು ಕಟ್ಟಡ, ಒಂದು ಹುಣಸೆ ತೋಪು ಮತ್ತು ಸುತ್ತ ಹುರುಳಿ ಹೊಲಗಳಷ್ಟೇ ಇದ್ದ ನಮ್ಮ ಕ್ಯಾಂಪಸ್ಸು ಈಗ ಹೇಗಿದೆ ಎಂದು ಕೇಳಿದ್ದೀಯ. ನೀನು ಬಂದರೆ ಗುರುತು ಹಿಡಿಯಲಾರೆ, ಅಷ್ಟು ಬೆಳೆದಿದೆ. ಹುಣಸೆ ತೋಪಿನಲ್ಲಿ ಉಳಿದಿರುವುದು ಐದು ಮರ.

ಕಳೆದ ವರ್ಷದಿಂದ ಪರಿಸರ ಸಮಿತಿಯ ಹೊಣೆ ನನ್ನ ಹೆಗಲಿಗೆ ಬಿದ್ದಿದೆ. ಸಮಿತಿಯೆಂದರೆ ಜೂನ್ 5ರಂದು ಸಸಿ ನೆಡುವುದು ಎಂಬುದೇ ಇಲ್ಲಿನ ರೂಢಿ. ಬೇಸಿಗೆಯಲ್ಲಿ ನೀರು ಹಾಕುವವರಿಲ್ಲದೆ ಅವುಗಳಲ್ಲಿ ಬಹುಪಾಲು ಒಣಗುತ್ತವೆ. ಮುಂದಿನ ಜೂನ್‌ನಲ್ಲಿ ಅದೇ ಗುಂಡಿಗೆ ಮತ್ತೊಂದು ಸಸಿ, ಛಾಯಾಚಿತ್ರ ಮಾತ್ರ ಹೊಸದು. ನಾನೂ ಆ ಚಿತ್ರಗಳಲ್ಲಿ ನಗುತ್ತ ನಿಂತಿದ್ದೇನೆ ಎಂಬುದನ್ನು ನಿನಗೆ ಮುಚ್ಚಿಡಲಾರೆ.

ನನ್ನ ಕಣ್ಣು ತೆರೆದದ್ದು ಕಳೆದ ಅಕ್ಟೋಬರಿನ ಒಂದು ಮಳೆಗೆ. ರಾತ್ರಿ ಸುರಿದ ಮಳೆಗೆ ಹೊಸ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು ನಿಂತು, ಹಳೆಯ ಪತ್ರಿಕೆಗಳ ಕಟ್ಟುಗಳು ತೇಲುತ್ತಿದ್ದವು. ಎಲ್ಲರೂ ಗುತ್ತಿಗೆದಾರನನ್ನು ಬೈಯುತ್ತಿದ್ದಾಗ ನಮ್ಮ ತೋಟದ ಮಾಲಿ, ಹಿಂದೆ ಅವರ ಮನೆತನದವರೇ ಊರ ಕೆರೆಯ ನೀರನ್ನು ಹೊಲಗಳಿಗೆ ಹಂಚುವ ನೀರುಗಂಟಿಗಳಾಗಿದ್ದರಂತೆ, ನನ್ನನ್ನು ಪಕ್ಕಕ್ಕೆ ಕರೆದು ಸಲಿಕೆಯ ಹಿಡಿಯಿಂದ ನೆಲದ ಮೇಲೆ ಒಂದು ಗೆರೆ ಎಳೆದು ತೋರಿಸಿದರು. "ಇಲ್ಲಿ ಕಾಲುವೆ ಇತ್ತು ಸಾರ್. ಗುಡ್ಡದ ನೀರು ಇದರಲ್ಲೇ ಕೆರೆಗೆ ಹೋಗ್ತಿತ್ತು. ಅದರ ಮೇಲೆ ನೀವು ಮೆಟ್ಟಿಲು ಕಟ್ಟಿದ್ದೀರಿ." ಅವರು ಎಳೆದ ಗೆರೆ ನೇರವಾಗಿ ಗ್ರಂಥಾಲಯದ ಮುಂಬಾಗಿಲಿಗೆ ಹೋಗಿ ನಿಂತಿತ್ತು.

ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿಲ್ಲ ಎಂಬುದು ನಿನಗೆ ಗೊತ್ತು. ಹಿರಿಯರು ಒಂದರ ಕೋಡಿ ಇನ್ನೊಂದಕ್ಕೆ ಸೇರುವಂತೆ ಕೆರೆಗಳ ಸಾಲು ಕಟ್ಟಿದ್ದು ಅದಕ್ಕಾಗಿಯೇ. ಒಂದು ಸಾವಿರ ಚದರ ಮೀಟರಿನ ಚಾವಣಿಯ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ ಅದು 7 ಲಕ್ಷ ಲೀಟರ್ ನೀರು. ಅದನ್ನು ಚರಂಡಿಗೆ ಬಿಟ್ಟು, ನಾವು ಕೊಳವೆಬಾವಿ ಕೊರೆಸಿ, ಫ್ಲೋರೈಡ್ ಬೆರೆತ ನೀರನ್ನು ಮೇಲೆತ್ತಿ, ಆರ್‌ಒ ಯಂತ್ರದಲ್ಲಿ ಸೋಸಿ, ಸೋಸಿದ್ದಕ್ಕಿಂತ ಹೆಚ್ಚು ನೀರನ್ನು ಹಿತ್ತಲಿಗೆ ಚೆಲ್ಲುತ್ತಿದ್ದೆವು. 2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧವಾಗಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಡಿ ನಮ್ಮ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ಇಲ್ಲಿನ ರೈತರು ಕೇಳುತ್ತಿರುವುದು ನ್ಯಾಯವಾಗಿಯೇ ಇದೆ. ಆದರೆ ಅದೇ ಮಾತನ್ನು ವೇದಿಕೆಯ ಮೇಲೆ ಆಡುವ ನಾವು ನಮ್ಮ ಹಾಸ್ಟೆಲ್ಲಿನ ಸ್ನಾನದ ನೀರನ್ನು ಒಂದು ಹಂತವೂ ಶುದ್ಧೀಕರಿಸದೆ ಕೆರೆಯ ಕಡೆಗೆ ಬಿಡುತ್ತಿದ್ದೆವು.

ಸದ್ಯಕ್ಕೆ ಆಗಿರುವುದು ಸಣ್ಣ ಕೆಲಸ. ಆರ್‌ಒ ಯಂತ್ರ ಹೊರಹಾಕುವ ನೀರಿಗೆ ಒಂದು ಪೈಪು ಜೋಡಿಸಿ ಶೌಚಾಲಯದ ತೊಟ್ಟಿಗೆ ತಿರುಗಿಸಿದ್ದೇವೆ. ಲವಣ ಹೆಚ್ಚಿರುವುದರಿಂದ ಅದನ್ನು ಗಿಡಗಳಿಗೆ ಹಾಕುವಂತಿಲ್ಲ. ಸ್ನಾನದ ನೀರು ಮರಳು ಮತ್ತು ಜಲ್ಲಿಯ ಗುಂಡಿಗಳನ್ನು ದಾಟಿ ಈಗ ಹೊಂಗೆ, ನೇರಳೆ ಸಸಿಗಳ ಬುಡಕ್ಕೆ ಹೋಗುತ್ತದೆ. ಈ ಬೇಸಿಗೆಯಲ್ಲಿ ಆ ಸಾಲಿನ ಸಸಿಗಳು ಒಣಗಲಿಲ್ಲ. ಸೌರಫಲಕ, ವಿದ್ಯುತ್ ಉಳಿತಾಯದ ಮಾತು ಬಿಡು. ಅನುದಾನ ಬಂದ ದಿನ ಅವು ತಾವಾಗಿಯೇ ಬರುತ್ತವೆ.

ಕಷ್ಟವಿರುವುದು ಮುಂದಿನ ಕಟ್ಟಡದ ವಿಷಯದಲ್ಲಿ. ಹೆಣ್ಣುಮಕ್ಕಳ ಹೊಸ ಹಾಸ್ಟೆಲಿಗೆ ಗುರುತಿಸಿರುವ ಜಾಗ ಮಾಲಿಯ ಗೆರೆಯ ಕೆಳತುದಿಯಲ್ಲಿದೆ. ಹಾಸ್ಟೆಲ್ ಬೇಕೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ನಲವತ್ತು ಹೆಜ್ಜೆ ಮೇಲಿನ ದಿಬ್ಬಕ್ಕೆ ಸರಿಯಲಿ ಎಂಬುದಷ್ಟೇ ನನ್ನ ಕೋರಿಕೆ. ಆದರೆ ಸಭೆಯಲ್ಲಿ ಮಾಲಿಯ ಮಾತನ್ನು ದಾಖಲೆಯೆಂದು ಯಾರೂ ಒಪ್ಪುವುದಿಲ್ಲ.

ಆದ್ದರಿಂದ ನಿನ್ನಿಂದ ಒಂದು ಉಪಕಾರವಾಗಬೇಕು. ಭೂಗೋಳದ ಪ್ರಬಂಧಕ್ಕಾಗಿ ನೀನು ಅಂದು ತಾಲ್ಲೂಕು ಕಚೇರಿಗೆ ಅಲೆದು ತಂದಿದ್ದ ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆಗಳೆಲ್ಲ ಸರ್ವೆ ನಂಬರಿನ ಸಮೇತ ಇದ್ದ ನೆನಪು. ಅತ್ತಿಗೆಯವರು ಅಟ್ಟ ಸ್ವಚ್ಛ ಮಾಡುವಾಗ ಅದನ್ನು ಎಸೆದಿಲ್ಲವಾದರೆ, ಒಂದು ಪ್ರತಿ ಮಾಡಿಸಿ ಬೇಗ ಕಳುಹಿಸು. ಸಭೆ ಬರುವ ತಿಂಗಳ ಮೊದಲ ವಾರದಲ್ಲಿದೆ.

ನಿನ್ನ ಗೆಳೆಯ